ಕಂಪೈಲರ್‌ನ ಬಾಯಿ ಮುಚ್ಚಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ಪರೀಕ್ಷೆಗಳಲ್ಲಿ ಪ್ರೋಗ್ರಾಂ ಓಡಿ ಸರಿಯಾದ ಉತ್ತರ ತೋರಿಸಿದರೆ ಸಾಕು, ಪರದೆಯ ಕೆಳಗೆ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಸಾಲುಗಟ್ಟಿಸಿದ ವಾರ್ನಿಂಗ್‌ಗಳನ್ನು ವಿದ್ಯಾರ್ಥಿಯೂ ಓದುವುದಿಲ್ಲ, ಪರೀಕ್ಷಕರೂ ಕೇಳುವುದಿಲ್ಲ. ಬಳಸದೆ ಬಿಟ್ಟ ವೇರಿಯಬಲ್ ಕುರಿತ ವಾರ್ನಿಂಗ್ ಆದರೆ ಹೇಗೋ ನಡೆದೀತು. ಬೇಸ್ ಕ್ಲಾಸ್‌ನಿಂದ, ಅಂದರೆ ಬೇರೆ ಕ್ಲಾಸ್‌ಗಳಿಗೆ ಆಧಾರವಾದ ಮೂಲ ಕ್ಲಾಸ್‌ನಿಂದ, ಬಂದ ಮೆಥಡ್‌ಗಳ (ಕ್ಲಾಸ್ ಮಾಡುವ ಕೆಲಸಗಳ ಕೋಡ್‌ನ) ವಿಷಯದಲ್ಲಿ ಈ ಉದಾಸೀನ ಸಲ್ಲದು.

ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಖಾತೆ’ ಎಂಬ ಬೇಸ್ ಕ್ಲಾಸ್ ಇದ್ದು, ಅದರಲ್ಲಿ ಬಡ್ಡಿ ಲೆಕ್ಕ ಹಾಕುವ ವರ್ಚುವಲ್ ಮೆಥಡ್ (ಮುಂದಿನ ಕ್ಲಾಸ್‌ಗಳು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದದ್ದು) ಇದೆ ಎಂದುಕೊಳ್ಳೋಣ. ಅದರಿಂದ ಇನ್‌ಹೆರಿಟ್ ಆದ, ಅಂದರೆ ಅದರ ಗುಣಗಳನ್ನು ಪಡೆದ, ‘ಉಳಿತಾಯ ಖಾತೆ’ ಕ್ಲಾಸ್‌ನಲ್ಲಿ ಅದೇ ಹೆಸರಿನ, ಅದೇ ಪ್ಯಾರಾಮೀಟರ್‌ಗಳ ಮೆಥಡ್ ಬರೆದು ‘ಓವರ್‌ರೈಡ್’ (ಬೇಸ್ ಕ್ಲಾಸ್‌ನದರ ಬದಲು ಇದೇ ಓಡಲಿ) ಎಂದು ಸೇರಿಸದಿದ್ದರೂ ಪ್ರೋಗ್ರಾಂ ಓಡುತ್ತದೆ. ಆದರೆ ಎಲ್ಲವನ್ನೂ ‘ಖಾತೆ’ಗಳ ಪಟ್ಟಿಯಲ್ಲಿಟ್ಟು ಒಂದೊಂದಾಗಿ ಬಡ್ಡಿ ಕೇಳಿದಾಗ ಉಳಿತಾಯ ಖಾತೆಗೂ ಬೇಸ್ ಕ್ಲಾಸ್‌ನ ಲೆಕ್ಕವೇ ಬೀಳುತ್ತದೆ. ಕಂಪೈಲರ್ ಸಿಎಸ್0114 ಎಂಬ ವಾರ್ನಿಂಗ್‌ನಲ್ಲಿ ಇದನ್ನು ಮೊದಲೇ ತಿಳಿಸಿ, ‘ಓವರ್‌ರೈಡ್’ ಅಥವಾ ‘ನ್ಯೂ’ (ಹೆಸರು ಒಂದೇ ಆದರೂ ಇದು ಬೇರೆಯದೇ ಮೆಥಡ್) ಸೇರಿಸಿ ಎನ್ನುತ್ತದೆ. ಎಡವಟ್ಟಾಗುವುದು ಇಲ್ಲೇ. ಯಾವುದನ್ನು ಹಾಕಿದರೂ ವಾರ್ನಿಂಗ್ ಮಾಯವಾಗುವುದರಿಂದ, ಅವಸರದಲ್ಲಿ ‘ನ್ಯೂ’ ಹಾಕಿ ಕೈತೊಳೆದುಕೊಂಡರೆ ತಪ್ಪು ಲೆಕ್ಕಕ್ಕೆ ನಾವೇ ಮುದ್ರೆ ಒತ್ತಿದಂತಾಗುತ್ತದೆ. ‘ನ್ಯೂ’ಗೂ ಸ್ಥಾನವಿದೆ: ನಮ್ಮ ಬೇಸ್ ಕ್ಲಾಸ್ ಇರುವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ) ಹೊಸ ಆವೃತ್ತಿಯಲ್ಲಿ ನಮ್ಮ ಮೆಥಡ್‌ಗೆ ಸಂಬಂಧವೇ ಇಲ್ಲದ, ಅದೇ ಹೆಸರಿನ ಮೆಥಡ್ ಬಂದು ಸೇರಿದಾಗ, ನಮ್ಮದರ ಹೆಸರು ಬದಲಿಸಲು ಆಗದಿದ್ದರೆ, ಅದನ್ನು ಬಳಸುವುದು ಸರಿ.

ಸಿ ಪ್ಲಸ್ ಪ್ಲಸ್‌ನಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಮೆಥಡ್‌ನ ಕೊನೆಯ ‘ಕಾನ್ಸ್ಟ್’ (ಇದು ಆಬ್ಜೆಕ್ಟ್‌ನ ಮಾಹಿತಿಯನ್ನು ಬದಲಿಸದು ಎಂಬ ಸೂಚನೆ) ಬಿಟ್ಟುಹೋದರೆ ಅದು ಬೇಸ್ ಕ್ಲಾಸ್‌ನದಕ್ಕೆ ಬದಲಾಗದೆ ಬೇರೆಯದೇ ಮೆಥಡ್ ಆಗಿಬಿಡುತ್ತದೆ. 2011ರ ಸ್ಟ್ಯಾಂಡರ್ಡ್ ತಂದ ‘ಓವರ್‌ರೈಡ್’ ಅನ್ನು ಬರೆದಿದ್ದರೆ ಈ ತಪ್ಪಿಗೆ ಕಂಪೈಲರ್ ಎರರ್ ಕೊಟ್ಟು ಅಲ್ಲೇ ನಿಲ್ಲಿಸುತ್ತದೆ. ಜಾವಾದಲ್ಲೂ 2004ರ ಐದನೇ ಆವೃತ್ತಿಯಿಂದ ಇಂಥದೇ ಅನೊಟೇಶನ್ (ಮೆಥಡ್ ಮೇಲೆ ಬರೆಯುವ ಗುರುತು) ಇದೆಯಾದರೂ ಕಡ್ಡಾಯವಲ್ಲ. ಕಾಟ್ಲಿನ್ ಮತ್ತು ಸ್ವಿಫ್ಟ್ ಭಾಷೆಗಳು ‘ಓವರ್‌ರೈಡ್’ ಬರೆಯುವುದನ್ನು ಕಡ್ಡಾಯ ಮಾಡಿವೆ, ನನ್ನ ಮಟ್ಟಿಗೆ ಅದೇ ಸರಿ.

ಸಾಫ್ಟ್‌ವೇರ್ ಉದ್ಯೋಗಕ್ಕೆಂದೇ ಜನ ಬಂದು ಸೇರುವ ಬೆಂಗಳೂರಿನ ಕಾಲೇಜುಗಳಾದರೂ, ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಈ ಬಗೆಯ ವಾರ್ನಿಂಗ್‌ಗಳನ್ನು ಎರರ್ ಎಂದೇ ಪರಿಗಣಿಸುವ ಸೆಟ್ಟಿಂಗ್ ಹಾಕಿಸಬೇಕು. ಇದಕ್ಕೆ ನಯಾಪೈಸೆ ಖರ್ಚಿಲ್ಲ. ವೈವಾದಲ್ಲಿ ‘ಇನ್‌ಹೆರಿಟೆನ್ಸ್ ಎಂದರೇನು’ ಎಂಬ ಉರುಹೊಡೆದ ಉತ್ತರದ ಪ್ರಶ್ನೆಗೆ ಬದಲು, ‘ಇಲ್ಲಿ ನ್ಯೂ ಏಕೆ ಹಾಕಿದಿರಿ’ ಎಂದು ಪರೀಕ್ಷಕರು ಕೇಳಲಿ.

— ಎಂಜಿನಿಯರಿಂಗ್ ಉಪನ್ಯಾಸಕಿ, ಬಸವನಗುಡಿ, ಬೆಂಗಳೂರು