ಬಿಸಿಲಿನಲ್ಲಿ ನಾಯಿಯ ಬಾಯಿ ಬಿಗಿಯಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಮಟಮಟ ಮಧ್ಯಾಹ್ನ ಒಬ್ಬರು ತಮ್ಮ ನಾಯಿಯನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಯಾರನ್ನೂ ಕಚ್ಚದಿರಲೆಂದು ಅದರ ಮೂತಿಗೆ ಬಟ್ಟೆಯ ಪಟ್ಟಿಯೊಂದನ್ನು ಬಿಗಿದಿದ್ದರು. ನಾಯಿಯ ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ನಾಲಿಗೆಯ ತುದಿಯಷ್ಟೇ ಹಲ್ಲುಗಳ ಸಂದಿನಿಂದ ಇಣುಕುತ್ತಿತ್ತು. ತುಟಿಯಂಚಿನಲ್ಲಿ ಜೊಲ್ಲು ನೊರೆಗಟ್ಟಿತ್ತು. ಅವರ ಕಾಳಜಿ ಮೆಚ್ಚತಕ್ಕದ್ದೇ ಆದರೂ, ಆ ಪಟ್ಟಿ ಕಚ್ಚುವ ಬಾಯನ್ನು ಮಾತ್ರವಲ್ಲ, ಮೈಯ ಕಾವು ಹೊರಹೋಗುವ ಮುಖ್ಯ ದಾರಿಯನ್ನೂ ಮುಚ್ಚಿತ್ತು.

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಮೈ ತಂಪಾಗಿಸಬಲ್ಲ ಬೆವರಿನ ಗ್ರಂಥಿಗಳಿರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಗಾಬರಿಗೊಂಡ ನಾಯಿ ನುಣುಪು ನೆಲದ ಮೇಲೆ ಒದ್ದೆ ಹೆಜ್ಜೆಗುರುತು ಬಿಡುವುದು ಇದರಿಂದಲೇ, ಆದರೆ ಅಷ್ಟು ತೇವದಿಂದ ಇಡೀ ದೇಹ ತಣಿಯದು. ಆದ್ದರಿಂದ ಅದು ಏದುಸಿರನ್ನೇ ನೆಚ್ಚಿಕೊಂಡಿದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 10ರಿಂದ 30ರಷ್ಟಿರುವ ಉಸಿರು ಸೆಕೆಯಲ್ಲಿ 300ನ್ನೂ ದಾಟುತ್ತದೆ. ಇಷ್ಟು ವೇಗದ ಉಸಿರಾಟದ ದುಡಿಮೆಯಿಂದಲೇ ಮೈ ಇನ್ನಷ್ಟು ಕಾಯಬೇಕಿತ್ತಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಎದೆಗೂಡಿನ ಸಹಜ ಕಂಪನದ ಲಯಕ್ಕೇ ಏದುಸಿರು ಹೊಂದಿಕೊಳ್ಳುವುದರಿಂದ, ತೂಗುವ ಉಯ್ಯಾಲೆಗೆ ಸರಿಯಾದ ಹೊತ್ತಿನಲ್ಲಿ ಕೊಟ್ಟ ಸಣ್ಣ ತಳ್ಳಿನಂತೆ, ಸ್ನಾಯುಗಳು ಹೆಚ್ಚು ಶ್ರಮಪಡಬೇಕಾಗುವುದಿಲ್ಲ. ಗಾಳಿ ಬಹುಪಾಲು ಮೂಗಿನಿಂದ ಒಳಬಂದು ಅಲ್ಲಿನ ತೇವದ ಪದರಗಳನ್ನು ಸವರಿ, ಆ ತೇವವನ್ನು ಆವಿಯಾಗಿಸಿ ಕಾವು ಹೊತ್ತು ಬಾಯಿಂದ ಹೊರಹೋಗುತ್ತದೆಂದು 1970ರಲ್ಲಿ ಪ್ರಾಣಿಗಳ ಶರೀರಕ್ರಿಯೆಯ ವಿಜ್ಞಾನಿ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ತೋರಿಸಿದರು. ಬಾಯಿ ತೆರೆಯದಿದ್ದರೆ ಬಿಸಿಯಾದ ಗಾಳಿ ಅದೇ ಮೂಗಿನಿಂದ ಹಿಂತಿರುಗಿ, ಪಡೆದ ಕಾವಿನಲ್ಲಿ ಒಂದಷ್ಟನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ.

ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವಿಕೆ ಕುಂದಿ ಏದುಸಿರೂ ಸೋಲುತ್ತದೆ. ಪಗ್, ಬುಲ್‌ಡಾಗ್‌ಗಳಂಥ ಮೊಂಡುಮೂತಿಯ ತಳಿಗಳಿಗೆ ಮೊದಲೇ ಉಸಿರಿನ ದಾರಿ ಕಿರಿದು. ನಾಯಿಯ ಸಹಜ ದೇಹತಾಪ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ಮುಟ್ಟಿದರೆ ಜೀವಕ್ಕೆ ಅಪಾಯ. ಅಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಕಟ್ಟಿದ್ದನ್ನು ಬಿಚ್ಚಿ, ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒದ್ದೆ ಟವೆಲ್ ಹೊದಿಸಿಟ್ಟರೆ ಕಾವು ಅದರಡಿಯೇ ಉಳಿಯುತ್ತದೆ.

ಬಾಯಿ ಕಟ್ಟಲೇಬೇಕಾದ ನಾಯಿಗಳಿಗೆ ಬುಟ್ಟಿಯಂಥ ಕುಕ್ಕೆ ಸಿಗುತ್ತದೆ. ಸರಿಯಾದ ಅಳತೆಯದ್ದಾದರೆ ಅದರೊಳಗೆ ನಾಯಿ ಬಾಯಿ ಅಗಲಿಸಿ ಏದುಸಿರು ಬಿಡಬಹುದು, ನೀರೂ ಕುಡಿಯಬಹುದು. ಬಟ್ಟೆಯ ಪಟ್ಟಿಯನ್ನು ಚುಚ್ಚುಮದ್ದು ಕೊಡಿಸುವ ಆ ಎರಡು ನಿಮಿಷಕ್ಕೆ ಇಟ್ಟುಕೊಳ್ಳಲಿ.

– ನಾಯಿ ಸಾಕಿರುವ ಓದುಗ