ಸ್ಟ್ಯಾಟಿಕ್-ಎಕ್ಸ್ ಬಳಗಕ್ಕೆ ತುಂಬಾ ತುಂಬಾ ಥ್ಯಾಂಕ್ಸ್

ಅಮೆರಿಕದ ಮೆಟಲ್ ಬ್ಯಾಂಡ್ ಸ್ಟ್ಯಾಟಿಕ್-ಎಕ್ಸ್‌ನ ಶೋ ನೋಡಿದ ಖುಷಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಥ್ಯಾಂಕ್ಸ್ ಅಲ್ಲಿ ಹಾಡಿದ ಮುಖವಾಡದ ಗಾಯಕರಿಗೆ. ಝೀರೋ ಅನ್ನುವ ಹೆಸರು ಬಿಟ್ಟರೆ ತಾವು ಯಾರೆಂದು ಅವರು ಆಗ ಹೇಳಿಕೊಂಡಿರಲಿಲ್ಲ. ಬ್ಯಾಂಡಿನ ಮೂಲ ಗಾಯಕ, ತೀರಿಹೋದ ವೇಯ್ನ್ ಸ್ಟ್ಯಾಟಿಕ್ ಅವರಂತೆಯೇ ನೆಟ್ಟಗೆ ನಿಂತ ಕೂದಲು, ಅವರ ಮುಖವನ್ನೇ ಹೋಲುವ ಮುಖವಾಡ. ತೀರಿಹೋದವರ ವೇಷ ಹಾಕುವುದು ಸರಿಯಲ್ಲ ಎಂದು ನೊಂದುಕೊಂಡ ಅಭಿಮಾನಿಗಳೂ ಇದ್ದಾರೆ. ಟಿಕೆಟ್ ತಗೊಳ್ಳುವಾಗ ನನಗೂ ಅಳುಕಿತ್ತು. ಎರಡು ಹಾಡು ಮುಗಿಯುವಷ್ಟರಲ್ಲಿ ಅದು ಹೋಯಿತು. ಹೆಸರು ತನಗೆ ಬರಲಿ ಅನ್ನುವವರು ಮುಖ ಮುಚ್ಚಿಕೊಂಡು ಹಾಡುತ್ತಾರಾ? ಜನ ಕೂಗಿದ್ದೂ ವೇಯ್ನ್ ಹೆಸರನ್ನೇ.

ಈ ಬ್ಯಾಂಡ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 'ವಿಸ್ಕಾನ್ಸಿನ್ ಡೆತ್ ಟ್ರಿಪ್' ಇವರ ಮೊದಲ ಆಲ್ಬಮ್. 1999ರ ಮಾರ್ಚ್‌ನಲ್ಲಿ ಬಂತು, ಅಮೆರಿಕದಲ್ಲಿ ಪ್ಲಾಟಿನಂ (ಅಂದರೆ ಹತ್ತು ಲಕ್ಷ ಪ್ರತಿ) ಆಯಿತು. ಒಂದು ಕಡೆ ಎದೆಗೆ ಗುದ್ದುವ ಗಿಟಾರ್, ಇನ್ನೊಂದು ಕಡೆ ಮೆಷಿನ್‌ನಿಂದ ಬರುವ, ಕಾಲು ಕುಣಿಸುವ ಟೆಕ್ನೋ ಬೀಟ್. ಇದಕ್ಕೆ ಅವರೇ ಇಟ್ಟ ಹೆಸರು 'ಈವಿಲ್ ಡಿಸ್ಕೋ'. ವೇಯ್ನ್ ಜೊತೆ ಟೋನಿ ಕ್ಯಾಂಪೋಸ್ ಬಾಸ್, ಕೆನ್ ಜೇ ಡ್ರಮ್ಸ್, ಕೋಯಿಚಿ ಫುಕುಡಾ ಗಿಟಾರ್ ಮತ್ತು ಕೀಬೋರ್ಡ್. ವರ್ಷಗಳು ಕಳೆದಂತೆ ಈ ನಾಲ್ವರು ಒಬ್ಬೊಬ್ಬರಾಗಿ ಚದುರಿದರು. 2012ರಲ್ಲಿ ವೇಯ್ನ್ ಬ್ಯಾಂಡನ್ನು ಮತ್ತೆ ಶುರು ಮಾಡಿದಾಗ ಉಳಿದ ಮೂವರಲ್ಲಿ ಒಬ್ಬರೂ ಜೊತೆಗಿರಲಿಲ್ಲ. 2014ರ ನವೆಂಬರ್ 1ರಂದು ವೇಯ್ನ್ ತೀರಿಕೊಂಡರು. 49 ತುಂಬಲು ಇನ್ನು ಮೂರೇ ದಿನ ಇತ್ತು.

ಇನ್ನು ಈ ಹಾಡುಗಳನ್ನು ಸ್ಟೇಜ್ ಮೇಲೆ ಕೇಳುವ ಯೋಗ ಇಲ್ಲ ಎಂದುಕೊಂಡಿದ್ದೆ. ಆದರೆ 2019ರಲ್ಲಿ, ಆಲ್ಬಮ್‌ಗೆ 20 ತುಂಬಿದಾಗ, ಆ ಮೂವರೂ ಒಟ್ಟಿಗೆ ಬಂದರು. ದೂರವಾಗಿದ್ದ ಗೆಳೆಯನ ನೆನಪಿಗಾಗಿ ಇಷ್ಟೆಲ್ಲ ಓಡಾಡುವುದು ಸುಮ್ನೆ ಆಗುವ ಮಾತಲ್ಲ.

ಟೋನಿ ಅವರೇ, ಇದನ್ನೆಲ್ಲ ಹೊತ್ತು ನಡೆಸಿದ್ದಕ್ಕೆ ಕೈ ಮುಗಿಯುತ್ತೇನೆ. ಕೋಯಿಚಿ ಅವರೇ, ಹದಿಹರೆಯದಲ್ಲಿ ಹೆಡ್‌ಫೋನಿನಲ್ಲಿ ಕೇಳಿದ ಆ ಕೀಬೋರ್ಡ್ ಸದ್ದುಗಳು ದೊಡ್ಡ ಸ್ಪೀಕರಿನಲ್ಲಿ ಬಂದಾಗ ಮೈ ಜುಮ್ಮೆಂದಿತು. ಕೆನ್ ಅವರೇ, ನಿಮ್ಮ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಆದರೆ ಇಂಥ ಸಂಗೀತದಲ್ಲಿ ಮೆಷಿನ್ ಬೀಟ್ ಯಾರಿಗೂ ಕಾಯುವುದಿಲ್ಲ. ಡ್ರಮ್ಸ್ ಕೂದಲೆಳೆಯಷ್ಟು ತಪ್ಪಿದರೂ ಇಡೀ ಹಾಡು ಕುಂಟುತ್ತದೆ. ಆ ಆಲ್ಬಮ್‌ನ 'ಪುಶ್ ಇಟ್' ಹಾಡು ಶುರುವಾದಾಗ ನಾನು ನೋಡುತ್ತಿದ್ದದ್ದು ನಿಮ್ಮ ಕೈಗಳನ್ನೇ.

ವೇಯ್ನ್ ಮನೆಯವರಿಗೂ ಕೃತಜ್ಞತೆಗಳು. ನಿಮ್ಮ ಮಗನನ್ನು ನೆನೆಯಲು ನಮಗೂ ಜಾಗ ಕೊಟ್ಟಿರಿ.

ಸ್ಟೇಜ್ ಮುಂದಿನ ನೂಕಾಟದಲ್ಲಿ ಬಿದ್ದ ನನ್ನನ್ನು ತಕ್ಷಣ ಎತ್ತಿ ನಿಲ್ಲಿಸಿದವರು ಯಾರೋ ಗೊತ್ತಿಲ್ಲ. ಅವರಿಗೆ, ಮತ್ತು ಕೆಳಗೆ ಬಿದ್ದ ನನ್ನ ಕನ್ನಡಕ ಹುಡುಕಿಕೊಟ್ಟ ಹುಡುಗಿಗೆ ಥ್ಯಾಂಕ್ಸ್. ಮನೆಯಲ್ಲಿ ಜ್ವರದ ಮಗುವಿದ್ದರೂ "ನಾನು ನೋಡ್ಕೋತೀನಿ, ನೀವು ಹೋಗ್ಬನ್ನಿ" ಎಂದು ಕಳಿಸಿದ ಹೆಂಡತಿಗೆ ಎಷ್ಟು ಹೇಳಿದರೂ ಸಾಲದು.

ಕೊನೆಗೆ, ದಾವಣಗೆರೆಯ ಹಾಸ್ಟೆಲಿನಲ್ಲಿ ಈ ಆಲ್ಬಮನ್ನು ನನ್ನ ಕಿವಿಗೆ ಹಾಕಿದ ರೂಮ್‌ಮೇಟ್‌ಗೆ. ವೇಯ್ನ್ ಬಿಟ್ಟುಹೋದ ದನಿಯನ್ನು ಇಟ್ಟುಕೊಂಡು ಮಾಡಿದ ಹೊಸ ಆಲ್ಬಮ್ 2020ರಲ್ಲಿ ಬಂತು ಮಾರಾಯ. ಅದರ ಬಗ್ಗೆ ಮಾತಾಡಲು ಮೊದಲ ಫೋನ್ ನಿನಗೇ.