ಮತಾಂತರದ ಚರ್ಚೆಯಲ್ಲಿ ಮರೆತುಹೋದ ಮಾನಸಾಂತರ

ಮಾನ್ಯ ಸಂಪಾದಕರೇ,

ಮತಾಂತರ ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ನಡೆದಿರುವ ಚರ್ಚೆಯನ್ನು ಬೆಟಗೇರಿಯ ಒಬ್ಬ ಕ್ರೈಸ್ತನಾಗಿ ನಾನು ತಪ್ಪದೆ ಓದುತ್ತ ಬಂದಿದ್ದೇನೆ. ಪರವಾಗಿ ಬರೆದವರೂ ವಿರೋಧಿಸಿ ಬರೆದವರೂ ಮನುಷ್ಯನ ಹೆಸರು, ದಾಖಲೆ, ಪೂಜೆಯ ಸ್ಥಳ ಬದಲಾಗುವುದರ ಬಗ್ಗೆಯೇ ಮಾತನಾಡುತ್ತಿದ್ದಾರೆ. ಕನ್ನಡ ಕ್ರೈಸ್ತರ ಬಾಯಲ್ಲಿ ಹಿಂದಿನಿಂದಲೂ ಇನ್ನೊಂದು ಪದವಿದೆ, ಅದು ‘ಮಾನಸಾಂತರ’. ಯೇಸು ಗಲಿಲಾಯದಲ್ಲಿ ಸುವಾರ್ತೆ ಸಾರಲು ತೊಡಗಿದ್ದೇ ಈ ಕರೆಯಿಂದ. ಅದರ ಮೂಲವಾದ ‘ಮೆಟನೋಯ’ ಎಂಬ ಗ್ರೀಕ್ ಪದಕ್ಕೆ ಮನಸ್ಸು ಬೇರೆಯಾಗುವುದು, ಯೋಚಿಸುವ ರೀತಿಯೇ ತಿರುಗುವುದು ಎಂಬ ಅರ್ಥವಿದೆ. ಈ ಕರೆ ಹೊರಗಿನವರಿಗಿಂತ ಮೊದಲು, ನಾಲ್ಕೈದು ತಲೆಮಾರುಗಳಿಂದ ಕ್ರೈಸ್ತರಾಗಿರುವ ನಮ್ಮಂಥವರಿಗೇ ಸಲ್ಲುತ್ತದೆ ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನನ್ನ ಮಗಳಿಗೆ ಹಾವೇರಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ಮನೆತನ ದೇವರ ಭಯವುಳ್ಳದ್ದು, ಸಭಾಪಾಲಕರೇ (ಚರ್ಚಿನ ಪಾಸ್ಟರರೇ) ಮುಂದೆ ನಿಂತು ತಂದ ಮಾತು. ಆದರೂ ನನ್ನ ಬಾಯಿಂದ ಹೊರಟ ಮೊದಲ ಪ್ರಶ್ನೆ, ‘ಅವರ ಮೂಲ ಯಾವುದು?’ ಎಂಬುದು. ಈ ‘ಮೂಲ’ ಎಂದರೇನೆಂದು ನಮ್ಮವರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುತ್ತಜ್ಜ ದೀಕ್ಷಾಸ್ನಾನ ಪಡೆಯುವ ಮೊದಲು ಯಾವ ಜಾತಿಯವನಾಗಿದ್ದ ಎಂಬುದೇ ಅದು. ಒಳಗಿದ್ದ ಮಗಳು ಹೊರಗೆ ಬಂದು, ‘ಅಪ್ಪಾ, ಇಷ್ಟು ತಲಿಮಾರ ಆದ ಮ್ಯಾಲೂ ನಮ್ಮ ಮೂಲ ಕ್ರಿಸ್ತ ಅಲ್ಲೇನು?’ ಎಂದು ಕೇಳಿದಳು. ವರ್ಷಗಟ್ಟಲೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಯೂರಿದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಕ್ರೈಸ್ತ ಸಭೆಯೊಳಗೆ ಜಾತಿಗೆ ಎಡೆಯಿಲ್ಲವೆಂದು ಪಟ್ಟು ಹಿಡಿದಿದ್ದರು. ಅವರು ಕಟ್ಟಿದ ಶಾಲೆಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತನಾಡುತ್ತೇವೆ, ಕಿಟ್ಟೆಲರ 1894ರ ನಿಘಂಟನ್ನು ನಾಡೇ ನೆನೆಯುತ್ತದೆ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕಾಗಿ ಬಂಧು ಬಳಗವನ್ನೇ ಕಳೆದುಕೊಂಡ ನಮ್ಮ ಹಿರಿಯರು ಯಾವುದನ್ನು ಬಿಟ್ಟು ಬಂದರೋ ಅದನ್ನೇ ನಾವು ಮದುವೆಯ ಮಾತು ಬಂದಾಗ ಸದ್ದಿಲ್ಲದೆ ಮನೆಯೊಳಗೆ ಕರೆದುಕೊಳ್ಳುತ್ತಿದ್ದೇವೆ. ಹನ್ನೆರಡನೆಯ ಶತಮಾನದ ಶರಣರಾದ ಹರಳಯ್ಯ, ಮಧುವರಸರ ಮನೆಗಳ ನಡುವೆ ಜಾತಿ ಮೀರಿ ನಡೆದ ಸಂಬಂಧದ ಕಥೆ ಕೇಳಿ ಬೆಳೆದ ಈ ಸೀಮೆಯಲ್ಲಿ ಇದು ಇನ್ನಷ್ಟು ನೋವಿನ ಸಂಗತಿ.

ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 12ನೆಯ ಅಧ್ಯಾಯವನ್ನು ಆ ದಿನದ ನಂತರ ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ಲೋಕದ ಅಚ್ಚಿಗೆ ಒಗ್ಗಿಕೊಳ್ಳದೆ ಮನಸ್ಸು ಹೊಸದಾಗುವುದರಿಂದ ಮಾರ್ಪಡಿರಿ ಎಂಬ ಅಲ್ಲಿಯ ಮಾತನ್ನು ನಾವು ಪ್ರಾರ್ಥನೆಯ ಹೊತ್ತಿನ ಭಾವನೆಯೆಂದೇ ತಿಳಿದಿದ್ದೇವೆ. ಯೆಹೂದ್ಯರೂ ಯೆಹೂದ್ಯರಲ್ಲದವರೂ ಕೂಡಿದ್ದ, ಊಟದ ವಿಷಯಕ್ಕೇ ಭಿನ್ನಾಭಿಪ್ರಾಯವಿದ್ದ ಸಭೆಗೆ ಬರೆದ ಮಾತು ಅದು. ಅದರ ಹಿಂದೆಯೇ, ನಿಮ್ಮನ್ನು ನೀವು ಅಳತೆ ಮೀರಿ ಎಣಿಸಿಕೊಳ್ಳಬೇಡಿರಿ, ದೀನರೊಂದಿಗೆ ಬಳಕೆಯಿಂದಿರಿ ಎಂಬ ಸೂಚನೆಗಳು ಬರುತ್ತವೆ. ‘ಮಾರ್ಪಡಿರಿ’ ಎಂಬ ಕ್ರಿಯಾಪದ ಗ್ರೀಕಿನಲ್ಲಿ ವರ್ತಮಾನ ಕಾಲದಲ್ಲಿದ್ದು, ಮಾರ್ಪಡುತ್ತಲೇ ಇರಿ ಎಂಬ ಧ್ವನಿ ಅದಕ್ಕಿದೆ. ಅಂದಮೇಲೆ ಮುತ್ತಜ್ಜನ ದೀಕ್ಷಾಸ್ನಾನ ಮರಿಮೊಮ್ಮಗನ ಮನಸ್ಸಿನ ಲೆಕ್ಕಕ್ಕೆ ಸಾಲುವುದಿಲ್ಲ.

ಯೇಸುವಿನ ಶಿಷ್ಯನೂ ಯೆಹೂದ್ಯನೂ ಆದ ಅಪೊಸ್ತಲ ಪೇತ್ರನಿಗೂ ಇದು ಒಂದೇ ಸಲಕ್ಕೆ ಮುಗಿಯಲಿಲ್ಲ. ಯೊಪ್ಪ ಎಂಬ ಊರಿನ ಮಾಳಿಗೆಯ ಮೇಲೆ ಕಂಡ ದರ್ಶನದಿಂದ, ಯಾವ ಮನುಷ್ಯನನ್ನೂ ಹೊಲೆಯೆನ್ನಬಾರದೆಂದು ತಿಳಿದು, ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋದವನು ಅವನೇ. ಮುಂದೆ ಅಂತಿಯೋಕ್ಯ ಪಟ್ಟಣದಲ್ಲಿ ತನ್ನವರಾದ ಯೆಹೂದ್ಯರು ಬಂದರೆಂದು ಅಂಜಿ ಯೆಹೂದ್ಯರಲ್ಲದವರ ಪಂಕ್ತಿಯಿಂದ ಎದ್ದು ಹೋದವನೂ ಅವನೇ. ಪೌಲನು ಎಲ್ಲರ ಎದುರಿಗೆ ಅವನನ್ನು ಖಂಡಿಸಿದ. ನನ್ನನ್ನು ಖಂಡಿಸಿದವಳು ನನ್ನ ಮಗಳು, ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಆ ಸಂಬಂಧ ಕೂಡಿ ಬರಲಿಲ್ಲ. ನಾನು ಕೇಳಿದ ಪ್ರಶ್ನೆ ಹಾವೇರಿಯವರ ಕಿವಿಗೆ ಬಿದ್ದಿತ್ತು. ಮುಂದೆ ಒಂದು ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹುಡುಗನ ತಂದೆ ತುಸು ಹೊತ್ತು ಸುಮ್ಮನಿದ್ದು, ಊಟಕ್ಕೆ ಏಳಿರಿ ಎಂದರು. ಅವರ ಪಕ್ಕದಲ್ಲೇ ಕುಳಿತು ಉಂಡೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಸಭಾಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಮದುವೆಗೆ ಮುಂಚೆ ಹುಡುಗ ಹುಡುಗಿಯರನ್ನು ಕೂಡಿಸಿ ಬುದ್ಧಿಮಾತು ಹೇಳುವಾಗ ಅವರ ತಂದೆತಾಯಿಗಳನ್ನೂ ಕರೆಯಿಸಿ, ಈ 12ನೆಯ ಅಧ್ಯಾಯವನ್ನು ಅವರಿಂದಲೇ ಪೂರ್ತಿ ಓದಿಸಬೇಕು, ‘ಮೂಲ’ ಕೇಳಿಕೊಂಡು ಬರುವ ಸಂಬಂಧಗಳಿಗೆ ತಾವು ಮಧ್ಯಸ್ಥರಾಗುವುದಿಲ್ಲವೆಂದು ಪೀಠದಿಂದಲೇ ತಿಳಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಬೆಟಗೇರಿ, ಗದಗ ಜಿಲ್ಲೆ